ಕ್ವಾಂಟಮ್ ಮಾಹಿತಿಯನ್ನು ಹಲವರಿಗೆ ಪಾಲು ಹಾಕುವುದು: ಯಾವ ಹೆಣಿಕೆ ಯಾವ ಕೆಲಸಕ್ಕೆ?

‘ಹಂಚು’ ಎಂಬ ಕ್ರಿಯಾಪದ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪ್ರಸಾದ ಹಂಚಿದರೆ ಎಲ್ಲರ ಕೈಗೂ ಒಂದೇ ವಸ್ತು ಬರುತ್ತದೆ. ಆಸ್ತಿ ಹಂಚಿದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಇವೆರಡೂ ಅಲ್ಲದ ಮೂರನೆಯ ಬಗೆಯೊಂದು ಬ್ಯಾಂಕಿನ ಲಾಕರಿನಲ್ಲಿದೆ: ಗ್ರಾಹಕನ ಕೀಲಿಯೂ ಬ್ಯಾಂಕಿನ ಕೀಲಿಯೂ ಒಟ್ಟಿಗೆ ತಿರುಗದ ಹೊರತು ಬಾಗಿಲು ತೆರೆಯುವುದಿಲ್ಲ, ಒಂದೇ ಕೀಲಿ ಇಟ್ಟುಕೊಂಡವನಿಗೆ ಅರ್ಧ ಲಾಕರೂ ಸಿಗುವುದಿಲ್ಲ. ಕ್ವಾಂಟಮ್ ಮಾಹಿತಿಯನ್ನು ಹಲವರ ನಡುವೆ ಹಂಚುವ ವಿಧಾನಗಳನ್ನು ಹೋಲಿಸುವಾಗ ಬಹುಪಾಲು ಗೊಂದಲ ಹುಟ್ಟುವುದು ಈ ಮೂರನ್ನು ಬೇರೆ ಮಾಡಿ ನೋಡದಿರುವುದರಿಂದ.

ಪ್ರಸಾದದ ಬಗೆ ಕ್ವಾಂಟಮ್ ಸ್ಥಿತಿಗೆ ನಿಷಿದ್ಧ. ಕ್ವಾಂಟಮ್ ಮಾಹಿತಿಯ ಅತಿ ಚಿಕ್ಕ ಘಟಕಕ್ಕೆ ಕ್ಯೂಬಿಟ್ ಎಂದು ಹೆಸರು; ಸ್ಥಿತಿ ಗೊತ್ತಿಲ್ಲದ ಕ್ಯೂಬಿಟ್ ಒಂದರ ತದ್ರೂಪು ನಕಲು ಸಾಧ್ಯವಿಲ್ಲವೆಂದು 1982ರಲ್ಲಿ ವೂಟರ್ಸ್ ಮತ್ತು ಝುರೆಕ್ ಒಂದು ಕಡೆ, ಡೀಕ್ಸ್ ಇನ್ನೊಂದು ಕಡೆ ತೋರಿಸಿಕೊಟ್ಟರು. ಅಪೂರ್ಣ ನಕಲಿಗೆ ಅಡ್ಡಿಯಿಲ್ಲ: ಒಂದರಿಂದ ಎರಡು ಮಾಡಿದರೆ ಪ್ರತಿ ನಕಲೂ ಮೂಲವನ್ನು ಹೆಚ್ಚೆಂದರೆ 5/6ರಷ್ಟು ಹೋಲುತ್ತದೆ, ಮತ್ತು ಇಂಥ ನಕಲುಗಳನ್ನು ದೂರದ ಇಬ್ಬರಿಗೆ ಒಂದೇ ಬಾರಿಗೆ ತಲುಪಿಸುವ ‘ಟೆಲಿಕ್ಲೋನಿಂಗ್’ ವಿಧಾನವೂ 1999ರಿಂದ ಇದೆ. ಆದರೆ ಗುಟ್ಟು ಕಾಯುವುದು ಉದ್ದೇಶವಾಗಿದ್ದರೆ ಇದು ನಮ್ಮ ದಾರಿಯಲ್ಲ. ಈ ಬರಹ ಲಾಕರಿನ ಬಗೆಯನ್ನು ಕುರಿತದ್ದು, ಅಂದರೆ ಪಾಲುಗಳು ಒಟ್ಟುಗೂಡಿದಾಗ ಮಾತ್ರ ಸ್ಥಿತಿ ಮರಳಿ ಸಿಗುವ ಹಂಚಿಕೆಯನ್ನು ಕುರಿತದ್ದು.

ಎಂಟ್ಯಾಂಗಲ್‌ಮೆಂಟ್ ಎಂಬುದಕ್ಕೆ, ಅಂದರೆ ಕ್ಯೂಬಿಟ್‌ಗಳು ದೂರವಿದ್ದರೂ ಬಿಡಿಬಿಡಿಯಾಗಿ ವಿವರಿಸಲಾಗದಂತೆ ಒಂದೇ ಸ್ಥಿತಿಯಲ್ಲಿ ಬೆಸೆದುಕೊಂಡಿರುವುದಕ್ಕೆ, ಇಲ್ಲಿ ‘ಹೆಣಿಕೆ’ ಎಂದು ಬಳಸುತ್ತೇನೆ. ‘ತೊಡಕು’ ಎಂಬ ಪದವನ್ನೂ ಕೆಲವರು ಬಳಸುತ್ತಾರೆ. ಆದರೆ ಉಪಯೋಗಕ್ಕೆ ಬರುವ ವಸ್ತುವನ್ನು ತೊಡಕೆಂದು ಕರೆಯಲು ನನಗೆ ಮನಸ್ಸಿಲ್ಲ. ಗುಟ್ಟನ್ನು ಹಂಚುವವಳು ಅನಸೂಯಾ, ಪಾಲು ಪಡೆಯುವವರು ಬಸವರಾಜ ಮತ್ತು ಚಂದ್ರಿಕಾ ಎಂದಿಟ್ಟುಕೊಳ್ಳೋಣ. ಅನಸೂಯಾಳ ಕೈಯಲ್ಲಿರುವ ಕ್ಯೂಬಿಟ್‌ನ ಸ್ಥಿತಿಯನ್ನು ಕ|0⟩ + ಖ|1⟩ ಎಂದು ಬರೆಯುತ್ತೇನೆ. |0⟩, |1⟩ ಎಂದರೆ ಅಳೆದಾಗ ಬರಬಹುದಾದ ಎರಡು ಉತ್ತರಗಳು; ಯಾವುದರ ಸಂಭವ ಎಷ್ಟೆಂಬುದನ್ನು ನಿರ್ಧರಿಸುವುದು ಕ ಮತ್ತು ಖ ಎಂಬ ಗುಣಾಂಕಗಳು. ಅವು ಯಾವುವೆಂದು ಅವಳಿಗೂ ಗೊತ್ತಿಲ್ಲದಿರಬಹುದು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಈ ವಿಷಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೆಣೆದ ಸ್ಥಿತಿಯ ಹೆಸರಿನಿಂದ (ಒಂದೊಂದನ್ನೂ ಮುಂದೆ ವಿವರಿಸುತ್ತೇನೆ) ಆರಂಭಿಸುತ್ತಾರೆ: ಜಿಎಚ್‌ಝಡ್ ಒಳ್ಳೆಯದೋ, ಡಬ್ಲ್ಯೂ ಒಳ್ಳೆಯದೋ, ಐದು ಕ್ಯೂಬಿಟ್‌ಗಳ ಸ್ಥಿತಿಯೋ ಎಂದು. ಬಟ್ಟೆಯ ಅಳತೆ ತೆಗೆಯದೆ ದರ್ಜಿಯ ಹೆಸರು ವಿಚಾರಿಸಿದಂತೆ ಇದು. ಮೊದಲು ತೀರ್ಮಾನವಾಗಬೇಕಾದದ್ದು ಗುಟ್ಟಿನ ಜಾತಿ: ಅದು ಸೊನ್ನೆ-ಒಂದುಗಳ ಸಾಮಾನ್ಯ ಬಿಟ್‌ಗಳ ಸಾಲೋ, ಅಥವಾ ಅಳೆದರೆ ಕೆಟ್ಟುಹೋಗುವ ಕ್ವಾಂಟಮ್ ಸ್ಥಿತಿಯೋ? ಆಮೇಲೆ, ಪಾಲುದಾರರಲ್ಲಿ ಎಷ್ಟು ಜನ ಗೈರುಹಾಜರಾದರೂ ಕೆಲಸ ನಡೆಯಬೇಕು ಎಂಬುದು. ಕೊನೆಯದಾಗಿ, ಪಾಲುಗಳು ಸಾಗುವ ದಾರಿ ಎಷ್ಟು ಸೋರುತ್ತದೆ, ಮತ್ತು ಪಾಲುದಾರರ ಬಳಿ ಕ್ಯೂಬಿಟ್ಟನ್ನು ಕಾಪಿಟ್ಟುಕೊಳ್ಳುವ ಕ್ವಾಂಟಮ್ ಸ್ಮೃತಿ ಇದೆಯೇ ಎಂಬುದು. ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧಕ್ಕಿಂತ ಹೆಚ್ಚು ಮುಗಿದಂತೆಯೇ.

ಬೆಲ್ ಜೋಡಿಗಳು: ಸಪ್ಪೆ ಎನಿಸುವ, ಆದರೆ ಮೊದಲು ಪರಿಶೀಲಿಸಬೇಕಾದ ಆಯ್ಕೆ

ಗುಟ್ಟು ಸಾಮಾನ್ಯ ಬಿಟ್‌ಗಳಾಗಿದ್ದರೆ ಹಂಚಿಕೆಯ ಗಣಿತ 1979ರಲ್ಲೇ ಸಿದ್ಧವಾಗಿತ್ತು. ಶಮೀರ್ ಮತ್ತು ಬ್ಲೇಕ್ಲಿ ಆ ವರ್ಷ ಬೇರೆ ಬೇರೆಯಾಗಿ ಅದನ್ನು ಪ್ರಕಟಿಸಿದರು. ಇಬ್ಬರಿಗೆ ಹಂಚುವುದಾದರೆ ಅಷ್ಟು ಗಣಿತವೂ ಬೇಕಿಲ್ಲ. ಅನಸೂಯಾ ನಾಣ್ಯ ಚಿಮ್ಮಿ ಬಂದ ಬಿಟ್ಟನ್ನು ಬಸವರಾಜನಿಗೆ ಕೊಡುತ್ತಾಳೆ. ಅದೇ ಬಿಟ್ಟನ್ನು ಗುಟ್ಟಿಗೆ ಕೂಡಿ, ಎರಡರಿಂದ ಭಾಗಿಸಿ ಉಳಿದ ಶೇಷವನ್ನು ಚಂದ್ರಿಕಾಳಿಗೆ ಕೊಡುತ್ತಾಳೆ. ಒಬ್ಬೊಬ್ಬರ ಕೈಯಲ್ಲಿರುವುದು ಬರಿಯ ನಾಣ್ಯದ ಫಲ, ಇಬ್ಬರೂ ಕೂಡಿದರೆ ಗುಟ್ಟು. ಕ್ವಾಂಟಮ್ ಭೌತಶಾಸ್ತ್ರ ಇಲ್ಲಿ ಮಾಡಬೇಕಾದದ್ದು ಈ ಪಾಲುಗಳು ದಾರಿಯಲ್ಲಿ ಕದ್ದುಹೋಗದಂತೆ ನೋಡಿಕೊಳ್ಳುವುದನ್ನು ಮಾತ್ರ. ಅನಸೂಯಾ ಬಸವರಾಜನೊಡನೆ ಒಂದು, ಚಂದ್ರಿಕಾಳೊಡನೆ ಒಂದು ಗುಪ್ತಕೀಲಿಯನ್ನು ಬೆಲ್ ಜೋಡಿಗಳಿಂದ, ಅಂದರೆ ಪೂರ್ತಿಯಾಗಿ ಹೆಣೆದ ಎರಡೆರಡು ಕ್ಯೂಬಿಟ್‌ಗಳಿಂದ, ಮಾಡಿಕೊಂಡರೆ ಅದು ಆದಂತೆಯೇ.

ಗುಟ್ಟು ಕ್ವಾಂಟಮ್ ಸ್ಥಿತಿಯೇ ಆಗಿದ್ದರೂ, ಪಾಲುದಾರರು ಇಬ್ಬರೇ ಆಗಿದ್ದು ಇಬ್ಬರೂ ಹಾಜರಿರಬೇಕೆಂಬ ನಿಯಮವಿದ್ದರೆ, ಜೋಡಿಗಳೇ ಸಾಕು. ಈ ಮಾತನ್ನು ಪಠ್ಯಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಅನಸೂಯಾ ಮತ್ತು ಚಂದ್ರಿಕಾ ಒಂದು ಬೆಲ್ ಜೋಡಿಯನ್ನು ಹಂಚಿಕೊಂಡಿದ್ದಾರೆ. ಅನಸೂಯಾ ತನ್ನ ಗುಟ್ಟಿನ ಕ್ಯೂಬಿಟ್ಟನ್ನೂ ಜೋಡಿಯಲ್ಲಿನ ತನ್ನ ಅರ್ಧವನ್ನೂ ಒಟ್ಟಿಗೆ ಬೆಲ್ ಮಾಪನಕ್ಕೆ, ಅಂದರೆ ಅವೆರಡೂ ನಾಲ್ಕು ಬಗೆಯ ಬೆಲ್ ಜೋಡಿಗಳಲ್ಲಿ ಯಾವುದೆಂದು ಕೇಳುವ ಅಳತೆಗೆ, ಒಳಪಡಿಸುತ್ತಾಳೆ. ಎರಡು ಬಿಟ್‌ಗಳ ಫಲಿತಾಂಶ ಬರುತ್ತದೆ. ಕ್ಯೂಬಿಟ್ಟನ್ನೇ ಸಾಗಿಸದೆ ಅದರ ಸ್ಥಿತಿಯನ್ನು ಮಾತ್ರ ದೂರಕ್ಕೆ ದಾಟಿಸುವ ಟೆಲಿಪೋರ್ಟೇಷನ್‌ನಲ್ಲಿ ಈ ಎರಡು ಬಿಟ್‌ಗಳನ್ನು ಚಂದ್ರಿಕಾಳಿಗೇ ಹೇಳಿಬಿಡುತ್ತೇವೆ. ಅದರ ಬದಲು ಅವನ್ನು ಬಸವರಾಜನಿಗೆ ಗುಟ್ಟಾಗಿ ಕೊಟ್ಟರೆ ಏನಾಗುತ್ತದೆ? ಚಂದ್ರಿಕಾಳ ಬಳಿ ಕ್ಯೂಬಿಟ್ ಇದೆ, ಆದರೆ ಅದನ್ನು ಸರಿಪಡಿಸಲು ಬೇಕಾದ ಎರಡು ಬಿಟ್‌ಗಳಿಲ್ಲದ ಕಾರಣ ಅದು ಅವಳ ಮಟ್ಟಿಗೆ ಪೂರ್ತಿ ಕಲಸಿಹೋದ ಸ್ಥಿತಿ. ಬಸವರಾಜನ ಬಳಿ ಬಿಟ್‌ಗಳಿವೆ, ಆದರೆ ಅವು ಗುಟ್ಟಿಗೆ ಸಂಬಂಧವೇ ಇಲ್ಲದ ಯಾದೃಚ್ಛಿಕ ಅಂಕಿಗಳು. ಇಬ್ಬರೂ ಕೂಡಿದರೆ ಕ|0⟩ + ಖ|1⟩ ಹಾಗೆಯೇ ಮರಳುತ್ತದೆ. ಒಂದು ಕ್ಯೂಬಿಟ್ಟಿಗೆ ಬೀಗ ಹಾಕಲು ಎರಡು ಸಾಮಾನ್ಯ ಬಿಟ್‌ಗಳ ಕೀಲಿ ಸಾಕು ಎಂಬ ತತ್ವವೇ ಇದರ ಬೆನ್ನೆಲುಬು.

ಈ ವಿಧಾನದ ಕೊರತೆ ಸ್ಪಷ್ಟವಾಗಿದೆ. ಕ್ವಾಂಟಮ್ ಭಾಗವೆಲ್ಲ ಒಬ್ಬಳ ಬಳಿಯೇ ಇದೆ. ಚಂದ್ರಿಕಾಳ ಕ್ಯೂಬಿಟ್ ಕೆಟ್ಟರೆ ಬಸವರಾಜ ಎಷ್ಟು ಪ್ರಾಮಾಣಿಕನಾಗಿದ್ದರೂ ಗುಟ್ಟು ಹೋಯಿತು. ಮೂವರಲ್ಲಿ ಯಾರಾದರೂ ಇಬ್ಬರು ಸಾಕು ಎಂಬಂಥ ಏರ್ಪಾಡು ಒಂದೇ ಕ್ಯೂಬಿಟ್ ಒಂದೇ ಕಡೆ ಇರುವಾಗ ಆಗದ ಮಾತು.

ಜಿಎಚ್‌ಝಡ್: ಹೆಸರು ದೊಡ್ಡದು, ನಿಯಮ ಕಟ್ಟುನಿಟ್ಟು

ಗ್ರೀನ್‌ಬರ್ಗರ್, ಹಾರ್ನ್ ಮತ್ತು ಝೈಲಿಂಗರ್ 1989ರಲ್ಲಿ ಮುಂದಿಟ್ಟ ಸ್ಥಿತಿಯನ್ನು ಮೂವರಿಗೆ ಬರೆದರೆ ಅದು |000⟩ + |111⟩, ಮುಂದಿನ ಗುಣಾಂಕವನ್ನು ಬಿಟ್ಟು. ಇದನ್ನು ಗುಟ್ಟಿನ ಹಂಚಿಕೆಗೆ ಹಚ್ಚಿದವರು ಹಿಲರಿ, ಬುಝೆಕ್ ಮತ್ತು ಬರ್ತಿಯೋಮ್, ವರ್ಷ 1999. ಅವರ ಲೇಖನದಲ್ಲಿ ಎರಡು ವಿಧಾನಗಳಿವೆ: ಒಂದು ಸಾಮಾನ್ಯ ಬಿಟ್‌ಗಳಿಗೆ, ಇನ್ನೊಂದು ಕ್ವಾಂಟಮ್ ಸ್ಥಿತಿಗೆ. ಇವೆರಡನ್ನೂ ಒಂದೇ ಎಂಬಂತೆ ಉಲ್ಲೇಖಿಸುವ ರೂಢಿ ಬೆಳೆದಿದೆ, ಆದರೆ ಅವುಗಳ ಗುಣದೋಷಗಳು ಬೇರೆ ಬೇರೆ.

ಸಾಮಾನ್ಯ ಬಿಟ್‌ಗಳ ವಿಧಾನದಲ್ಲಿ ಮೂವರೂ ತಂತಮ್ಮ ಕ್ಯೂಬಿಟ್ಟನ್ನು ಎಕ್ಸ್ ಅಥವಾ ವೈ ದಿಕ್ಕಿನಲ್ಲಿ, ಯಾವುದೆಂದು ಮನಸ್ಸಿಗೆ ಬಂದಂತೆ ಆರಿಸಿಕೊಂಡು, ಅಳೆಯುತ್ತಾರೆ. ದಿಕ್ಕುಗಳೆಂದರೆ ಕ್ಯೂಬಿಟ್ಟಿಗೆ ಕೇಳಬಹುದಾದ ಬೇರೆ ಬೇರೆ ಪ್ರಶ್ನೆಗಳು (ಸೊನ್ನೆಯೋ ಒಂದೋ ಎಂದು ಕೇಳುವುದು ಝಡ್ ದಿಕ್ಕು), ಪ್ರತಿ ಉತ್ತರವೂ +1 ಅಥವಾ −1. ಮೂವರೂ ಎಕ್ಸ್ ಆರಿಸಿದ್ದರೆ ಮೂರು ಫಲಿತಾಂಶಗಳ ಗುಣಲಬ್ಧ ಯಾವಾಗಲೂ +1. ಒಬ್ಬರು ಎಕ್ಸ್, ಉಳಿದಿಬ್ಬರು ವೈ ಆಗಿದ್ದರೆ ಗುಣಲಬ್ಧ ಯಾವಾಗಲೂ −1. ಉಳಿದ ಜೋಡಣೆಗಳಲ್ಲಿ ನಂಟೇ ಇಲ್ಲ, ಆ ಸುತ್ತುಗಳನ್ನು ಎಸೆಯಬೇಕು. ಎಂಟು ಜೋಡಣೆಗಳಲ್ಲಿ ನಾಲ್ಕು ಮಾತ್ರ ಕೆಲಸಕ್ಕೆ ಬರುವುದರಿಂದ ಅರ್ಧದಷ್ಟು ಸುತ್ತುಗಳು ಆರಂಭದಲ್ಲೇ ವ್ಯರ್ಥ. ಮೂವರೂ ಎಕ್ಸ್ ಅಳೆದ ಒಂದು ಸುತ್ತಿನಲ್ಲಿ ಬಸವರಾಜನಿಗೆ + ಬಂದಿತು, ಚಂದ್ರಿಕಾಳಿಗೆ − ಬಂದಿತು ಎನ್ನಿ. ಗುಣಲಬ್ಧ +1 ಆಗಬೇಕಾದರೆ ಅನಸೂಯಾಳದ್ದು − ಆಗಿರಲೇಬೇಕು. ಬಸವರಾಜ ಒಬ್ಬನೇ ತನ್ನ + ಚಿಹ್ನೆಯನ್ನು ಎಷ್ಟು ಹೊತ್ತು ನೋಡುತ್ತ ಕುಳಿತರೂ ಅನಸೂಯಾಳ ಬಿಟ್ ಸೊನ್ನೆಯೋ ಒಂದೋ ಎಂಬುದು ಸಮಸಮವಾಗಿಯೇ ಉಳಿಯುತ್ತದೆ.

ನೋಡಲು ಸೊಗಸಾದ ವಿಧಾನ. ಆದರೆ ಮೋಸ ಹೊರಗಿನಿಂದಲೇ ಬರಬೇಕೆಂದಿಲ್ಲ. ಪಾಲುದಾರನೇ ಮೋಸಗಾರನಾಗಿದ್ದು, ಚಂದ್ರಿಕಾಳಿಗೆ ಹೋಗಬೇಕಾದ ಕ್ಯೂಬಿಟ್ಟನ್ನೂ ತಾನೇ ಹಿಡಿದಿಟ್ಟು ಅವಳಿಗೆ ಬೇರೊಂದನ್ನು ದಾಟಿಸಿದರೆ, ಮತ್ತು ಅಳತೆಯ ದಿಕ್ಕನ್ನು ಘೋಷಿಸುವ ಸರದಿ ಅವನಿಗೆ ಕೊನೆಯಲ್ಲಿ ಬಂದರೆ, ಉಳಿದವರ ಮಾತು ಕೇಳಿ ತನ್ನ ಉತ್ತರವನ್ನು ಹೊಂದಿಸಿಕೊಳ್ಳಲು ದಾರಿ ಇರುತ್ತದೆ. ಅದಕ್ಕಾಗಿ ತಪಾಸಣೆಯ ಸುತ್ತುಗಳಲ್ಲಿ ಯಾರು ಯಾವಾಗ ಏನನ್ನು ಘೋಷಿಸಬೇಕೆಂಬ ಕ್ರಮವನ್ನು ಅನಸೂಯಾ ಪ್ರತಿ ಸಲವೂ ಬದಲಿಸಬೇಕು. ಈ ಘೋಷಣೆಯ ಕ್ರಮವನ್ನು ಸ್ಪಷ್ಟವಾಗಿ ಹೇಳದ ಯಾವ ಯೋಜನೆಯನ್ನೂ ನಾನು ಸುರಕ್ಷಿತವೆಂದು ಒಪ್ಪುವುದಿಲ್ಲ.

ಕ್ವಾಂಟಮ್ ಸ್ಥಿತಿಯ ವಿಧಾನಕ್ಕೆ ಬಂದರೆ, ಅನಸೂಯಾ ತನ್ನ ಗುಟ್ಟಿನ ಕ್ಯೂಬಿಟ್ ಮತ್ತು ಜಿಎಚ್‌ಝಡ್‌ನಲ್ಲಿನ ತನ್ನ ಪಾಲಿನ ಮೇಲೆ ಬೆಲ್ ಮಾಪನ ಮಾಡಿದಾಗ, ನಾಲ್ಕು ಫಲಿತಾಂಶಗಳಲ್ಲಿ ಒಂದು ಬಂದಾಗ ಉಳಿದಿಬ್ಬರ ಬಳಿ ಕ|00⟩ + ಖ|11⟩ ಉಳಿಯುತ್ತದೆ. ಬೇರೆ ಫಲಿತಾಂಶಗಳಲ್ಲಿ ಚಿಹ್ನೆ ಬದಲಾಗಬಹುದು, ಇಲ್ಲವೇ ಕ ಮತ್ತು ಖ ಜಾಗ ಬದಲಿಸಬಹುದು. ಚಂದ್ರಿಕಾ ಸ್ಥಿತಿಯನ್ನು ಪಡೆಯಬೇಕಾದರೆ ಬಸವರಾಜ ತನ್ನದನ್ನು ಎಕ್ಸ್ ದಿಕ್ಕಿನಲ್ಲಿ ಅಳೆದು ಫಲಿತಾಂಶ ಹೇಳಬೇಕು: + ಬಂದರೆ ಅವಳ ಬಳಿ ಕ|0⟩ + ಖ|1⟩, − ಬಂದರೆ ಕ|0⟩ − ಖ|1⟩, ಅದನ್ನು ಅವಳು ತಿದ್ದಿಕೊಳ್ಳಬಲ್ಲಳು.

ಇಲ್ಲೊಂದು ಸೋರಿಕೆ ಇದೆ. ಅನಸೂಯಾ ತನ್ನ ಬೆಲ್ ಫಲಿತಾಂಶವನ್ನು ಬಹಿರಂಗವಾಗಿ ಘೋಷಿಸಿಬಿಟ್ಟರೆ, ಚಂದ್ರಿಕಾ ಬಸವರಾಜನನ್ನು ಕೇಳದೆಯೇ ತನ್ನ ಕ್ಯೂಬಿಟ್ಟನ್ನು ಝಡ್ ದಿಕ್ಕಿನಲ್ಲಿ ಅಳೆಯಬಹುದು. ಆಗ ಸೊನ್ನೆ ಬರುವ ಸಂಭವ ಕ-ದ ಪರಿಮಾಣದ ವರ್ಗ, ಒಂದು ಬರುವ ಸಂಭವ ಖ-ದ ಪರಿಮಾಣದ ವರ್ಗ. ಎರಡರ ನಡುವಿನ ಹಂತದ (ಫೇಸ್, ಅಂದರೆ + ಅಥವಾ − ಚಿಹ್ನೆಯಂಥ ಸಂಬಂಧದ) ಮಾಹಿತಿ ಅವಳಿಗೆ ಸಿಗುವುದಿಲ್ಲ, ಆದರೆ ಪ್ರಮಾಣದ ಮಾಹಿತಿ ಸಿಗುತ್ತದೆ. ‘ಒಬ್ಬರಿಗೆ ಏನೂ ತಿಳಿಯದು’ ಎಂಬ ಷರತ್ತು ಇಲ್ಲಿ ಪೂರ್ತಿ ಪಾಲನೆಯಾಗುತ್ತಿಲ್ಲ. ಪರಿಹಾರ ಸರಳ: ಎರಡು ಬಿಟ್‌ಗಳನ್ನು ಬಹಿರಂಗಪಡಿಸದೆ, ಮೇಲೆ ಹೇಳಿದ ನಾಣ್ಯದ ಉಪಾಯದಿಂದ ಅವನ್ನೇ ಇಬ್ಬರಿಗೆ ಪಾಲು ಹಾಕಬೇಕು. ಆಗ ಪ್ರತಿಯೊಬ್ಬರ ಕ್ಯೂಬಿಟ್ಟೂ ಅವರ ಮಟ್ಟಿಗೆ ಪೂರ್ತಿ ಕಲಸಿದ ಸ್ಥಿತಿಯಾಗುತ್ತದೆ. ಹಾಗೆ ಮಾಡಿದ ಮೇಲೆ ಓದುಗರು ಸಹಜವಾಗಿಯೇ ಕೇಳಬಹುದು: ಎರಡು ಬಿಟ್‌ಗಳನ್ನು ಗುಟ್ಟಾಗಿ ಹಂಚುವುದು ಹೇಗಿದ್ದರೂ ಅಗತ್ಯವಾದರೆ, ಹಿಂದಿನ ಭಾಗದ ಒಂದೇ ಒಂದು ಬೆಲ್ ಜೋಡಿಯಿಂದ ಇದೇ ಕೆಲಸ ಆಗುತ್ತಿರಲಿಲ್ಲವೇ? ಇಬ್ಬರು ಪಾಲುದಾರರ ಮಟ್ಟಿಗೆ, ಆಗುತ್ತಿತ್ತು. ಜಿಎಚ್‌ಝಡ್ ಕೊಡುವ ಹೆಚ್ಚಿನ ಲಾಭವೆಂದರೆ ಸ್ಥಿತಿ ಕೊನೆಗೆ ಯಾರ ಬಳಿ ಮೂಡಬೇಕೆಂಬುದನ್ನು ಆಮೇಲೆ ತೀರ್ಮಾನಿಸಬಹುದು ಎಂಬುದು. ಬಸವರಾಜ ಅಳೆದರೆ ಚಂದ್ರಿಕಾಳ ಬಳಿ, ಚಂದ್ರಿಕಾ ಅಳೆದರೆ ಬಸವರಾಜನ ಬಳಿ. ಆ ಸ್ವಾತಂತ್ರ್ಯ ಬೇಕಿಲ್ಲದಿದ್ದರೆ ಜಿಎಚ್‌ಝಡ್‌ನ ದುಬಾರಿ ಬೆಲೆ ತೆರುವ ಕಾರಣವಿಲ್ಲ.

ಜಿಎಚ್‌ಝಡ್ ನಿಜವಾಗಿ ಮೇಲುಗೈ ಸಾಧಿಸುವ ಕೆಲಸ ಇನ್ನೊಂದಿದೆ, ಮತ್ತು ಅದು ಲಾಕರಿನದ್ದಲ್ಲ, ಪ್ರಸಾದದ್ದು. ಎಲ್ಲರೂ ಝಡ್ ದಿಕ್ಕಿನಲ್ಲಿ ಅಳೆದರೆ ಎಲ್ಲರಿಗೂ ಒಂದೇ ಬಿಟ್ ಬರುತ್ತದೆ. ಹೀಗೆ ಒಂದು ಗುಂಪಿಗೆಲ್ಲ ಸಾಮಾನ್ಯವಾದ ಗುಪ್ತಕೀಲಿ ಸಿದ್ಧವಾಗುತ್ತದೆ. ಜಾಲದಲ್ಲಿ ಎಲ್ಲರ ಹಾದಿಯೂ ಒಂದೇ ಇಕ್ಕಟ್ಟಾದ ಕೊಂಡಿಯ ಮೂಲಕ ಹೋಗುವಾಗ, ಜೋಡಿ ಜೋಡಿಯಾಗಿ ಕೀಲಿ ಮಾಡುವುದಕ್ಕಿಂತ ಇದು ಮಿತವ್ಯಯದ್ದಾಗಬಹುದು. ಎಡಿನ್‌ಬರೊದ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ತಂಡ ನಾಲ್ವರು ಬಳಕೆದಾರರ ನಡುವೆ ಇಂಥ ಕೀಲಿಯನ್ನು ಪ್ರಯೋಗದಲ್ಲಿ ಮಾಡಿ 2021ರಲ್ಲಿ ಪ್ರಕಟಿಸಿತು.

ಡಬ್ಲ್ಯೂ: ಒಬ್ಬರು ಕೈಬಿಟ್ಟರೂ ಉಳಿಯುವ ನಂಟು

2000ದಲ್ಲಿ ಡೂರ್, ವಿಡಾಲ್ ಮತ್ತು ಸಿರಾಕ್ ಮೂರು ಕ್ಯೂಬಿಟ್‌ಗಳು ನಿಜವಾಗಿ ಹೆಣೆದುಕೊಳ್ಳಬಲ್ಲ ಬಗೆಗಳು ಎರಡೇ ಎಂದು ತೋರಿಸಿದರು. ಒಂದನ್ನು ಇನ್ನೊಂದಾಗಿ, ಪಾಲುದಾರರು ತಂತಮ್ಮ ಜಾಗದಲ್ಲೇ ಏನು ಮಾಡಿದರೂ, ಬದಲಿಸಲು ಬರುವುದಿಲ್ಲ. ಒಂದು ಬಗೆ ಜಿಎಚ್‌ಝಡ್, ಇನ್ನೊಂದು ಡಬ್ಲ್ಯೂ: |001⟩ + |010⟩ + |100⟩. ಮೂವರಲ್ಲಿ ಯಾರೋ ಒಬ್ಬರ ಬಳಿ ‘ಒಂದು’ ಇದೆ, ಯಾರ ಬಳಿ ಎಂಬುದು ತೀರ್ಮಾನವಾಗಿಲ್ಲ.

ವ್ಯತ್ಯಾಸ ಕಾಣುವುದು ಒಂದು ಕ್ಯೂಬಿಟ್ ಕಳೆದುಹೋದಾಗ. ಜಿಎಚ್‌ಝಡ್‌ನಲ್ಲಿ ಒಬ್ಬರದ್ದು ಕಳೆದರೆ ಉಳಿದಿಬ್ಬರ ನಡುವೆ ಹೆಣಿಕೆ ಲವಲೇಶವೂ ಇರುವುದಿಲ್ಲ. ಇಬ್ಬರದ್ದೂ ಸೊನ್ನೆ ಅಥವಾ ಇಬ್ಬರದ್ದೂ ಒಂದು ಎಂಬ ಸಾಮಾನ್ಯ ಹೊಂದಾಣಿಕೆ ಮಾತ್ರ ಉಳಿಯುತ್ತದೆ. ಡಬ್ಲ್ಯೂದಲ್ಲಿ ಹಾಗಲ್ಲ. ಮೂರನೆಯವರು ತಮ್ಮ ಕ್ಯೂಬಿಟ್ಟನ್ನು ಝಡ್ ದಿಕ್ಕಿನಲ್ಲಿ ಅಳೆದು ಸೊನ್ನೆ ಬಂದರೆ, ಅದರ ಸಂಭವ 2/3, ಉಳಿದಿಬ್ಬರ ನಡುವೆ ಪರಿಪೂರ್ಣ ಬೆಲ್ ಜೋಡಿ ಉಳಿದಿರುತ್ತದೆ. ಅಳೆಯದೆ ಕಳೆದುಕೊಂಡರೂ ಉಳಿದ ಸ್ಥಿತಿಯಲ್ಲಿ ಸಾಕಷ್ಟು ಹೆಣಿಕೆ ಇರುವುದರಿಂದ ಅದರಿಂದ ಮಾಡಿದ ಟೆಲಿಪೋರ್ಟೇಷನ್‌ನ ಸರಾಸರಿ ನಿಖರತೆ 7/9 ಮುಟ್ಟುತ್ತದೆ. ಹೆಣಿಕೆಯೇ ಇಲ್ಲದೆ ಸಾಧಿಸಬಹುದಾದ ಗರಿಷ್ಠ 2/3.

ಇದನ್ನು ಓದಿ ಡಬ್ಲ್ಯೂ ಹೆಚ್ಚು ಗಟ್ಟಿ, ಆದ್ದರಿಂದ ಹೆಚ್ಚು ಒಳ್ಳೆಯದು ಎಂದು ತೀರ್ಮಾನಿಸುವವರುಂಟು. ಗುಟ್ಟಿನ ಹಂಚಿಕೆಯಲ್ಲಿ ಈ ತೀರ್ಮಾನ ತಲೆಕೆಳಗು. ಮೂರನೆಯವರಿಲ್ಲದೆಯೂ ಇಬ್ಬರ ನಡುವೆ ನಂಟು ಉಳಿಯುತ್ತದೆ ಎಂದರೆ, ಮೂರನೆಯವರ ಒಪ್ಪಿಗೆಯಿಲ್ಲದೆಯೂ ಅವರಿಬ್ಬರು ಒಂದಷ್ಟು ಕೆಲಸ ಸಾಧಿಸಬಹುದು ಎಂದೇ ಅರ್ಥ. ಜಿಎಚ್‌ಝಡ್ ಒಬ್ಬರು ಹೋದರೆ ಕುಸಿಯುತ್ತದೆ ಎಂದು ನಾವು ದೂರುವ ಗುಣವೇ, ಒಬ್ಬರನ್ನೂ ಬಿಟ್ಟು ಗುಟ್ಟು ತೆರೆಯಲಾಗದು ಎಂಬ ಕಾವಲಾಗಿ ನಿಂತಿದೆ. ಸೋರಿಕೆಗೆ ಹೆದರುವವರು ಮತ್ತು ನಷ್ಟಕ್ಕೆ ಹೆದರುವವರು ಒಂದೇ ಸ್ಥಿತಿಯನ್ನು ಮೆಚ್ಚುವುದು ಇಲ್ಲಿ ಸಾಧ್ಯವಿಲ್ಲ.

ಮೂರೂ ಪದಗಳ ತೂಕ ಸಮನಾಗಿರುವ ಡಬ್ಲ್ಯೂದಿಂದ ದೋಷವಿಲ್ಲದ, ಪ್ರತಿ ಸಲವೂ ಖಚಿತವಾಗಿ ಆಗುವ ಟೆಲಿಪೋರ್ಟೇಷನ್ ಬರುವುದಿಲ್ಲ. ಭುವನೇಶ್ವರದ ಭೌತಶಾಸ್ತ್ರ ಸಂಸ್ಥೆಯಲ್ಲಿದ್ದ ಪಂಕಜ್ ಅಗರ್ವಾಲ್ ಮತ್ತು ಅರುಣ್ ಪತಿ 2006ರಲ್ಲಿ ತೂಕ ಬದಲಿಸಿದ ಡಬ್ಲ್ಯೂ ಬಗೆಯ ಸ್ಥಿತಿಗಳಿಂದ, ಉದಾಹರಣೆಗೆ |100⟩ + |010⟩ + √2|001⟩ ಎಂಬುದರಿಂದ, ಅದು ಸಾಧ್ಯವೆಂದು ತೋರಿಸಿದರು. ಆ √2 ಸುಮ್ಮನೆ ಬಂದದ್ದಲ್ಲ. ಒಬ್ಬರ ಪಾಲಿನ ತೂಕವನ್ನು ಉಳಿದಿಬ್ಬರ ಒಟ್ಟು ತೂಕಕ್ಕೆ ಸಮ ಮಾಡಿದಾಗ ಆ ಒಬ್ಬರಿಗೂ ಉಳಿದಿಬ್ಬರಿಗೂ ನಡುವಿನ ಹೆಣಿಕೆ ಪೂರ್ಣ ಒಂದು ಬೆಲ್ ಜೋಡಿಯಷ್ಟಾಗುತ್ತದೆ. ಪ್ರಯೋಗಶಾಲೆಯಲ್ಲಿ ಡಬ್ಲ್ಯೂ ಸುಲಭವಾಗಿ ಸಿಗುವಂತಿದ್ದರೆ ಇದನ್ನು ಪರಿಗಣಿಸಬಹುದು. ಇಲ್ಲವಾದರೆ ಗುಟ್ಟಿನ ಹಂಚಿಕೆಗಾಗಿಯೇ ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಇದಲ್ಲ.

ಹೊಸ್ತಿಲಿನ ಯೋಜನೆಗಳು: ಯಾರಾದರೂ ಇಷ್ಟು ಜನ ಸಾಕು

ಐವರಲ್ಲಿ ಯಾರಾದರೂ ಮೂವರು ಸೇರಿದರೆ ಸಾಕು, ಇಬ್ಬರಿಗೆ ಏನೂ ತಿಳಿಯಬಾರದು ಎಂಬ ಬೇಡಿಕೆ ಬಂದಾಗ ಜೋಡಿಗಳೂ ಜಿಎಚ್‌ಝಡ್ಡೂ ಹಿಂದೆ ಸರಿಯುತ್ತವೆ. ಇದಕ್ಕೆ ಬೇಕಾದ ಸಿದ್ಧಾಂತವನ್ನು 1999ರಲ್ಲಿ ಕ್ಲೀವ್, ಗಾಟ್ಸ್‌ಮನ್ ಮತ್ತು ಲೋ ಕಟ್ಟಿಕೊಟ್ಟರು, ಮತ್ತು ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ತೃಪ್ತಿಕರವಾದ ಭಾಗ ಇದೇ. ಶಮೀರನ ಗಣಿತದಲ್ಲಿ ನಾಲ್ವರಲ್ಲಿ ಯಾರಾದರೂ ಇಬ್ಬರು ಎಂಬ ಏರ್ಪಾಡಿಗೆ ಅಡ್ಡಿಯಿಲ್ಲ. ಕ್ವಾಂಟಮ್ ಸ್ಥಿತಿಗೆ ಅದು ಅಸಾಧ್ಯ: ನಾಲ್ವರನ್ನು ಇಬ್ಬಿಬ್ಬರ ಎರಡು ಗುಂಪು ಮಾಡಿದರೆ ಎರಡೂ ಗುಂಪುಗಳು ಸ್ಥಿತಿಯನ್ನು ಮರಳಿ ಪಡೆಯುತ್ತವೆ, ಅಂದರೆ ನಕಲು ತಯಾರಾಯಿತು. ಆದ್ದರಿಂದ ತೆರೆಯಲು ಬೇಕಾದವರ ಸಂಖ್ಯೆ ಒಟ್ಟು ಪಾಲುದಾರರ ಅರ್ಧಕ್ಕಿಂತ ಹೆಚ್ಚಿರಲೇಬೇಕು. ಅಷ್ಟಿದ್ದರೆ ಯೋಜನೆ ಖಂಡಿತ ಇದೆ ಎಂಬುದೂ ಅವರದೇ ಫಲಿತಾಂಶ.

ಇದರ ಅತಿ ಚಿಕ್ಕ ಉದಾಹರಣೆ ಮೂವರಲ್ಲಿ ಯಾರಾದರೂ ಇಬ್ಬರು. ಇಲ್ಲಿ 0, 1 ಮಾತ್ರವಲ್ಲದೆ 2 ಎಂಬ ಬೆಲೆಯನ್ನೂ ತಾಳಬಲ್ಲ ಕ್ಯೂಟ್ರಿಟ್ ಬಳಸುತ್ತಾರೆ. ಗುಟ್ಟು |0⟩ ಆಗಿದ್ದರೆ |000⟩ + |111⟩ + |222⟩. |1⟩ ಆಗಿದ್ದರೆ |012⟩ + |120⟩ + |201⟩. |2⟩ ಆಗಿದ್ದರೆ |021⟩ + |102⟩ + |210⟩. ಯಾವ ಸಾಲನ್ನು ನೋಡಿದರೂ ಪ್ರತಿಯೊಬ್ಬರಿಗೂ 0, 1, 2 ಒಂದೊಂದು ಸಲ ಬರುತ್ತದೆ. ಒಬ್ಬರೇ ನೋಡಿದರೆ ಯಾವ ಸಾಲೆಂದು ಗುರುತಿಸಲಾಗದು. ಈಗ ಮೊದಲಿಬ್ಬರು ಸೇರುತ್ತಾರೆ. ಮೊದಲನೆಯವರ ಬೆಲೆಯನ್ನು ಎರಡನೆಯವರದಕ್ಕೆ ಕೂಡಿ ಮೂರರಿಂದ ಭಾಗಿಸಿದ ಶೇಷ ಇಡಬೇಕು. ಆಮೇಲೆ ಹೊಸ ಎರಡನೆಯದನ್ನು ಮೊದಲನೆಯದಕ್ಕೆ ಅದೇ ರೀತಿ ಕೂಡಬೇಕು. |1⟩ರ ಸಾಲಿನಲ್ಲಿ |120⟩ ತೆಗೆದುಕೊಳ್ಳಿ: 2ಕ್ಕೆ 1 ಕೂಡಿದರೆ 3, ಶೇಷ 0, ಮೊದಲಿನ 1ಕ್ಕೆ ಆ 0 ಕೂಡಿದರೆ 1. |012⟩ ತೆಗೆದುಕೊಂಡರೂ ಮೊದಲನೆಯದು 1 ಆಗುತ್ತದೆ, |201⟩ ತೆಗೆದುಕೊಂಡರೂ 1. ಇದೇ ಕೆಲಸವನ್ನು ಉಳಿದೆರಡು ಸಾಲುಗಳ ಮೇಲೆ ಮಾಡಿದರೆ ಮೊದಲನೆಯದು 0 ಮತ್ತು 2 ಆಗುತ್ತದೆ. ಎರಡನೆಯ ಮತ್ತು ಮೂರನೆಯ ಕ್ಯೂಟ್ರಿಟ್‌ಗಳ ನಡುವೆ ಉಳಿಯುವ ನಂಟು ಮೂರೂ ಸಾಲುಗಳಲ್ಲಿ ಒಂದೇ ಆಗಿರುವುದರಿಂದ ಗುಟ್ಟು ಅದರಿಂದ ಬಿಡಿಸಿಕೊಂಡು ಮೊದಲನೆಯ ಕ್ಯೂಟ್ರಿಟ್ಟಿನಲ್ಲಿ ಅಖಂಡವಾಗಿ ಬಂದು ಕೂರುತ್ತದೆ. ಮೂರನೆಯವರನ್ನು ಕೇಳಲೇ ಇಲ್ಲ. ಕಾಗದದ ಮೇಲೆ ಒಮ್ಮೆ ಮಾಡಿ ನೋಡುವಂತೆ ಸೂಚಿಸುತ್ತೇನೆ. ಹತ್ತು ನಿಮಿಷ ಸಾಕು.

ಕ್ಯೂಬಿಟ್‌ಗಳಲ್ಲೇ ಮಾಡಬೇಕೆಂದರೆ ಐದು ಕ್ಯೂಬಿಟ್‌ಗಳ ದೋಷಪರಿಹಾರ ಸಂಕೇತವಿದೆ, ಅಂದರೆ ಒಂದು ಕ್ಯೂಬಿಟ್ಟಿನ ಸ್ಥಿತಿಯನ್ನು ಐದರಲ್ಲಿ ಹರಡಿಡುವ ವಿಧಾನ. ಯಾವ ಎರಡು ಕಳೆದರೂ ಉಳಿದ ಮೂರರಿಂದ ಒಂದು ಕ್ಯೂಬಿಟ್ಟಿನ ಗುಟ್ಟನ್ನು ಮರಳಿ ಪಡೆಯಬಹುದು, ಹಾಗಾಗಿ ಯಾವ ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ. ಇವೆರಡೂ ಒಂದೇ ಸತ್ಯದ ಎರಡು ಮುಖ: ಕಳೆದುಹೋದ ಭಾಗದಲ್ಲಿ ಮಾಹಿತಿಯ ಎಳೆಯಾದರೂ ಇದ್ದಿದ್ದರೆ ಉಳಿದ ಭಾಗದಿಂದ ಪೂರ್ತಿ ಮರಳಿ ಪಡೆಯಲು ಆಗುತ್ತಿರಲಿಲ್ಲ. ನಷ್ಟಕ್ಕೂ ಸೋರಿಕೆಗೂ ಒಟ್ಟಿಗೆ ಮದ್ದು ಬೇಕಾದವರಿಗೆ ಸಲ್ಲುವ ಆಯ್ಕೆ ಇದೊಂದೇ. ಡಬ್ಲ್ಯೂ ಕೊಡುವ ಅರೆಬರೆ ಗಟ್ಟಿತನ ಇಲ್ಲಿಲ್ಲ. ಎಲ್ಲಿಯವರೆಗೆ ನಷ್ಟ ಸಹ್ಯ, ಎಲ್ಲಿಂದ ಅಸಹ್ಯ ಎಂಬ ಗೆರೆ ಖಚಿತವಾಗಿದೆ.

ಗ್ರಾಫ್ ಸ್ಥಿತಿಗಳು ಇದೇ ಮನೆತನಕ್ಕೆ ಸೇರಿದವು. ಚುಕ್ಕಿಗಳ ರಂಗೋಲಿಯಂತೆ ಪ್ರತಿ ಚುಕ್ಕಿಗೂ ಒಂದು ಕ್ಯೂಬಿಟ್, ಪ್ರತಿ ಗೆರೆಗೂ ಅದರ ಎರಡು ತುದಿಯ ಕ್ಯೂಬಿಟ್‌ಗಳನ್ನು ಹೆಣೆಯುವ ಒಂದು ನಿಗದಿತ ಕ್ರಿಯೆ. ಯಾರು ಯಾರ ಜೊತೆ ಸೇರಿದರೆ ಗುಟ್ಟು ತೆರೆಯುತ್ತದೆ ಎಂಬುದನ್ನು ಚಿತ್ರ ನೋಡಿಯೇ ಲೆಕ್ಕ ಹಾಕಬಹುದು. ಮಾರ್ಕಮ್ ಮತ್ತು ಸ್ಯಾಂಡರ್ಸ್ 2008ರಲ್ಲಿ ಸಾಮಾನ್ಯ ಗುಟ್ಟು, ಕ್ವಾಂಟಮ್ ಗುಟ್ಟು ಎರಡನ್ನೂ ಈ ಒಂದೇ ಚೌಕಟ್ಟಿಗೆ ತಂದರು. ಅದೇ ವರ್ಷ ಶ್ರೀರಾಮನ್ ಮುರಳೀಧರನ್ ಮತ್ತು ಪ್ರಶಾಂತ ಪಾಣಿಗ್ರಾಹಿ ಐದು ಕ್ಯೂಬಿಟ್‌ಗಳ ಇನ್ನೊಂದು ಸ್ಥಿತಿಯನ್ನು ಬಳಸಿ ಎರಡು ಕ್ಯೂಬಿಟ್‌ಗಳ ಯಾವುದೇ ಸ್ಥಿತಿಯನ್ನು ಹಂಚಬಹುದೆಂದು ತೋರಿಸಿದರು. ಆ ಸ್ಥಿತಿ ಮೊದಲು ಸಿಕ್ಕಿದ್ದು ಹೆಚ್ಚು ಹೆಣಿಕೆಯುಳ್ಳ ಸ್ಥಿತಿಗಳಿಗಾಗಿ ಕಂಪ್ಯೂಟರಿನಲ್ಲಿ ನಡೆಸಿದ ಹುಡುಕಾಟದಲ್ಲಿ. ಗುಟ್ಟು ಒಂದಕ್ಕಿಂತ ಹೆಚ್ಚು ಕ್ಯೂಬಿಟ್‌ಗಳದ್ದಾಗಿದ್ದರೆ ಇಂಥವನ್ನು ನೋಡಬೇಕು.

ಹೆಣಿಕೆಯೇ ಇಲ್ಲದ ದಾರಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಒಂದೇ ಕ್ಯೂಬಿಟ್ಟನ್ನು ಪಾಲುದಾರರಿಂದ ಪಾಲುದಾರರಿಗೆ ಸಾಗಿಸಿ, ಪ್ರತಿಯೊಬ್ಬರೂ ಅದರ ಹಂತವನ್ನು ಗುಟ್ಟಾಗಿ ತಿರುಗಿಸಿ, ಕೊನೆಯವರು ಅಳೆಯುವ ವಿಧಾನವನ್ನು 2005ರಲ್ಲಿ ಪ್ರಯೋಗದಲ್ಲಿ ಮಾಡಿ ತೋರಿಸಲಾಗಿದೆ. ಸಾಮಾನ್ಯ ಬಿಟ್‌ಗಳಿಗೆ ಇದು ಅಗ್ಗದ ದಾರಿ, ಆದರೆ ದಾರಿಯ ಮಧ್ಯದಲ್ಲಿರುವ ಪಾಲುದಾರನೇ ಮೋಸಕ್ಕಿಳಿದರೆ ತಡೆಯಲು ಹೆಚ್ಚಿನ ಕಾವಲು ಬೇಕು. ಕ್ವಾಂಟಮ್ ಸ್ಥಿತಿಯ ಹಂಚಿಕೆಗೆ ಇದು ಒದಗುವುದಿಲ್ಲ.

ದಾರಿಯ ಲೆಕ್ಕ

ಕಾಗದದ ಮೇಲೆ ಎಲ್ಲ ಸ್ಥಿತಿಗಳೂ ಪುಕ್ಕಟೆ. ನೆಲದಲ್ಲಿ ಹೂತ ಫೈಬರಿನಲ್ಲಿ ಹಾಗಲ್ಲ. ದೂರಸಂಪರ್ಕದ ಒಳ್ಳೆಯ ಫೈಬರಿನಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟವಾಗುತ್ತದೆ. 50 ಕಿಲೋಮೀಟರಿಗೆ 10 ಡೆಸಿಬೆಲ್, ಅಂದರೆ ಕ್ಯೂಬಿಟ್ಟನ್ನು ಹೊತ್ತು ಹೊರಟ ಹತ್ತು ಫೋಟಾನ್‌ಗಳಲ್ಲಿ (ಬೆಳಕಿನ ಕಣಗಳಲ್ಲಿ) ಒಂದು ತಲುಪುತ್ತದೆ. ಮಧ್ಯದ ಮೂಲದಿಂದ ಮೂವರು ಪಾಲುದಾರರೂ 50 ಕಿಲೋಮೀಟರ್ ದೂರದಲ್ಲಿದ್ದರೆ, ಮೂರೂ ಫೋಟಾನ್‌ಗಳು ಒಟ್ಟಿಗೆ ತಲುಪುವುದು ಸಾವಿರಕ್ಕೆ ಒಮ್ಮೆ. ಐವರಾದರೆ ಲಕ್ಷಕ್ಕೆ ಒಮ್ಮೆ, ಅದೂ ಮೂಲವೂ ಪತ್ತೆಕಾರಿಗಳೂ ದೋಷರಹಿತವಾಗಿವೆ ಎಂದುಕೊಂಡಾಗ. ಅನಸೂಯಾಳೇ ಬೆಲ್ ಜೋಡಿ ತಯಾರಿಸಿ ಒಂದರ್ಧವನ್ನು ಕಳುಹಿಸುವುದಾದರೆ ಪ್ರತಿ ಪಾಲುದಾರರೊಡನೆ ಹತ್ತಕ್ಕೆ ಒಮ್ಮೆ ಯಶಸ್ಸು, ಮತ್ತು ಒಬ್ಬರೊಡನೆ ಸೋತದ್ದು ಇನ್ನೊಬ್ಬರೊಡನೆ ಗೆದ್ದದ್ದನ್ನು ಹಾಳುಮಾಡುವುದಿಲ್ಲ. ಕ್ವಾಂಟಮ್ ಸ್ಮೃತಿ ಇದ್ದರೆ ಜೋಡಿಗಳನ್ನು ಒಂದೊಂದಾಗಿ ಕೂಡಿಸಿಟ್ಟುಕೊಂಡು, ಎಲ್ಲವೂ ಸಿದ್ಧವಾದ ಮೇಲೆ, ತನ್ನ ಜಾಗದಲ್ಲೇ ಐದು ಕ್ಯೂಬಿಟ್‌ಗಳ ಸಂಕೇತವನ್ನು ಕಟ್ಟಿ ಒಂದೊಂದನ್ನೇ ಟೆಲಿಪೋರ್ಟ್ ಮಾಡಬಹುದು. ಹೊಸ್ತಿಲಿನ ಯೋಜನೆಯ ಲಾಭವನ್ನು ಜೋಡಿಗಳ ದರದಲ್ಲಿ ಪಡೆಯುವ ದಾರಿ ಇದು. ನನ್ನ ಒಲವು ಈ ಮಿಶ್ರಣದ ಕಡೆಗೇ.

ಉಪಗ್ರಹದಿಂದ ಜೋಡಿಗಳನ್ನು ಕಳುಹಿಸುವುದು ಎಷ್ಟು ಕಷ್ಟವೆಂಬುದಕ್ಕೆ ಚೀನಾದ ಮಿಸಿಯಸ್ ಉಪಗ್ರಹದ 2017ರ ಪ್ರಯೋಗವನ್ನು ನೆನೆಯಬಹುದು: ಸುಮಾರು 1,200 ಕಿಲೋಮೀಟರ್ ಅಂತರದ ಎರಡು ನೆಲೆಗಳಿಗೆ ಹೆಣೆದ ಜೋಡಿಗಳನ್ನು ತಲುಪಿಸಿದಾಗ, ಉಪಗ್ರಹ ಸೆಕೆಂಡಿಗೆ ಲಕ್ಷಗಟ್ಟಲೆ ಜೋಡಿಗಳನ್ನು ಹೊರಡಿಸಿದರೂ ನೆಲದಲ್ಲಿ ದಾಖಲಾದದ್ದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು. ಎರಡು ಫೋಟಾನ್‌ಗಳಿಗೇ ಈ ಪಾಡು. ಸ್ಮೃತಿಯಿರುವ ಬಿಂದುಗಳ ಜಾಲದಲ್ಲಿ, ಡೆಲ್ಫ್ಟ್‌ನ ತಂಡ 2021ರಲ್ಲಿ ವಜ್ರದೊಳಗಿನ ದೋಷಕೇಂದ್ರಗಳನ್ನು ಬಳಸಿ ಮೂರು ಬಿಂದುಗಳ ನಡುವೆ ಜಿಎಚ್‌ಝಡ್ ಸ್ಥಿತಿಯನ್ನು ಹಂಚಿತು, ಮತ್ತು ಅದನ್ನು ಕಟ್ಟಿದ್ದೂ ಮೊದಲು ಎರಡೆರಡು ಬಿಂದುಗಳನ್ನು ಹೆಣೆದೇ.

ಕ್ಯೂಬಿಟ್ಟಿನ ಸ್ಥಿತಿಯನ್ನು ಕೆಡಿಸುವ ಗದ್ದಲದ ವಿಷಯದಲ್ಲೂ ನನ್ನ ಒಲವು ಜೋಡಿಗಳ ಕಡೆಗೇ. ಜಿಎಚ್‌ಝಡ್‌ನಲ್ಲಿ ಯಾರೊಬ್ಬರ ಕ್ಯೂಬಿಟ್ಟಿನ ಹಂತ ಹೊರಳಿದರೂ ಇಡೀ ಸ್ಥಿತಿ |000⟩ − |111⟩ ಆಗಿಬಿಡುತ್ತದೆ, ಪಾಲುದಾರರು ಹೆಚ್ಚಾದಷ್ಟೂ ಹೊರಳುವ ಅವಕಾಶ ಹೆಚ್ಚು.

ಭಾರತದಲ್ಲಿ ಕೈಹಾಕುವವರಿಗೆ

ಕೇಂದ್ರ ಸಂಪುಟ 2023ರ ಏಪ್ರಿಲ್ 19ರಂದು ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್, 6,003.65 ಕೋಟಿ ರೂಪಾಯಿಗಳದ್ದು, 2,000 ಕಿಲೋಮೀಟರ್ ಅಂತರದ ಉಪಗ್ರಹ ಸಂಪರ್ಕ, ನಗರಗಳ ನಡುವಿನ ಗುಪ್ತಕೀಲಿ ವಿತರಣೆ ಮತ್ತು ಕ್ವಾಂಟಮ್ ಸ್ಮೃತಿಗಳಿರುವ ಬಹುಬಿಂದು ಜಾಲವನ್ನು ತನ್ನ ಗುರಿಗಳಲ್ಲಿ ಸೇರಿಸಿದೆ. ಸಂವಹನದ ಕೇಂದ್ರ ಮದರಾಸು ಐಐಟಿಗೆ, ಗಣಕದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದಿವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2021ರಲ್ಲೇ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲಿ ಕೀಲಿ ವಿತರಣೆ ಮಾಡಿ ತೋರಿಸಿತ್ತು. ಈ ಪಟ್ಟಿಯಲ್ಲಿ ಇಂದು ಕೈಗೆಟಕುವುದು ಕೀಲಿ ವಿತರಣೆ. ಸ್ಮೃತಿಗಳ ಜಾಲ ನಾಳಿನದ್ದು. ಆದ್ದರಿಂದ ಗುಟ್ಟು ಸಾಮಾನ್ಯ ಬಿಟ್‌ಗಳದ್ದಾಗಿರುವ ಯಾವ ಸಂಸ್ಥೆಯೂ ಈಗ ಆರಿಸಬೇಕಾದದ್ದು ಇಬ್ಬಿಬ್ಬರ ನಡುವಿನ ಕೀಲಿ ಮತ್ತು ಶಮೀರನ ಪಾಲುಗಳನ್ನು. ಜಿಎಚ್‌ಝಡ್‌ನ ವಿಧಾನವನ್ನು ಅದು ಪ್ರಯೋಗಶಾಲೆಗೆ ಬಿಡಬಹುದು. ಕ್ವಾಂಟಮ್ ಸ್ಥಿತಿಯನ್ನೇ ಹಂಚಬೇಕಾದ ಸಂಶೋಧಕರು, ಇಬ್ಬರೇ ಪಾಲುದಾರರಾದರೆ ಒಂದು ಬೆಲ್ ಜೋಡಿ ಮತ್ತು ಗುಟ್ಟಾದ ಎರಡು ಬಿಟ್‌ಗಳಿಂದ ಆರಂಭಿಸಬೇಕು, ಗೈರುಹಾಜರಿಗೆ ಅವಕಾಶ ಬೇಕಾದ ಕ್ಷಣದಲ್ಲಿ ನೇರವಾಗಿ ಹೊಸ್ತಿಲಿನ ಸಂಕೇತಕ್ಕೆ ಹೋಗಬೇಕು.

ಕ್ಲೌಡ್ ಮೂಲಕ ಸಿಗುವ ಕ್ವಾಂಟಮ್ ಗಣಕದಲ್ಲಿ ಇವನ್ನು ಪರೀಕ್ಷಿಸಹೊರಟ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಅಲ್ಲಿ ಮೂರು ಕ್ಯೂಬಿಟ್‌ಗಳೂ ಒಂದೇ ಚಿಪ್ಪಿನಲ್ಲಿರುತ್ತವೆ, ಹಾಗಾಗಿ ಪರೀಕ್ಷೆಯಾಗುವುದು ಸ್ಥಿತಿಯ ಗುಣಮಟ್ಟವೇ ಹೊರತು ಹಂಚಿಕೆಯ ಸುರಕ್ಷೆಯಲ್ಲ. ಆದರೂ ಜಿಎಚ್‌ಝಡ್ ಕಟ್ಟಿ, ಮೂರೂ ಎಕ್ಸ್ ಅಳೆದ ಸುತ್ತುಗಳಲ್ಲಿ ಗುಣಲಬ್ಧ ಎಷ್ಟು ಸಲ −1 ಬಂದಿತೆಂದು ಎಣಿಸುವುದು ವ್ಯರ್ಥವಲ್ಲ. ಬರಬಾರದಾಗಿದ್ದ ಆ −1ಗಳ ಪ್ರಮಾಣವೇ, ನಿಜವಾದ ಜಾಲದಲ್ಲಿ ಕಳ್ಳನಿದ್ದಾನೋ ಗದ್ದಲವಿದೆಯೋ ಎಂದು ಅನಸೂಯಾ ತೀರ್ಮಾನಿಸಬೇಕಾದ ಅಂಕಿ; ಮತ್ತು ಎರಡನ್ನೂ ಬೇರ್ಪಡಿಸಲು ಅವಳಿಗೆ ದಾರಿಯಿಲ್ಲದ ಕಾರಣ ಅಷ್ಟನ್ನೂ ಕಳ್ಳನ ಲೆಕ್ಕಕ್ಕೇ ಬರೆದು ಕೀಲಿಯನ್ನು ಅದಕ್ಕೆ ತಕ್ಕಂತೆ ಮೊಟಕುಗೊಳಿಸಬೇಕಾಗುತ್ತದೆ.